ನಗೆ ಹಗೆಯಾಗದಂತೆ



"ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ" ಎಂಬುದು ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡ ನೀತಿ. ಊಟದ ವಿಷಯವನ್ನು ಕುರಿತು ಗೃಹಸ್ಥರಿಗೆ ಹೇಳುವವರು ಅನೇಕರಿದ್ದಾರೆ. ಈ ತಿಂಗಳು ನಾವು ಮಾತಿನ ವಿಷಯವನ್ನು, ಅದರಲ್ಲಿಯೂ ನಗೆಮಾತಿನ ವಿಷಯವನ್ನು, ವಿಚಾರಕ್ಕೆ ತೆಗೆದುಕೊಂಡಿದ್ದೇವೆ. ಮನೆಯಿಂದ ಹೊರಟು ಕಚೇರಿಗೂ ಕಾರ್ಖಾನೆಗೂ ಹೋಗುವ ನಮ್ಮ ಮಕ್ಕಳು, ಅಲ್ಲಿ ತಮ್ಮಂತೆ ಇರದ ಹಲವು ಜನರೊಡನೆ ದಿನವೆಲ್ಲ ಕಳೆಯುವಾಗ, ಆ ನಗೆಮಾತು ಎಲ್ಲಿ ಜಗಳವನ್ನು ಆರಿಸುತ್ತದೆ, ಎಲ್ಲಿ ಹೊತ್ತಿಸುತ್ತದೆ ಎಂಬುದೇ ಪ್ರಶ್ನೆ.

ಹಿಂದಿನ ಕಾಲದಲ್ಲಿ ಕಸುಬೆಂಬುದು ಬಹುಮಟ್ಟಿಗೆ ಮನೆಯೊಳಗೋ ಕೇರಿಯೊಳಗೋ ನಡೆಯುತ್ತಿತ್ತು. ಮಗ್ಗದ ಮುಂದೆ ಕುಳಿತವರೂ ತಿಗರಿಯ ಮುಂದೆ ಕುಳಿತವರೂ ಒಂದೇ ಭಾಷೆಯನ್ನಾಡಿ, ಒಂದೇ ಬಗೆಯ ಅಡುಗೆಯನ್ನುಂಡು, ಒಂದೇ ಜಾತ್ರೆಗೆ ಹೋಗುತ್ತಿದ್ದವರು. ಈಗಿನ ಸ್ಥಿತಿ ಹಾಗಿಲ್ಲ. ಬೆಂಗಳೂರಿನ ಒಂದು ಕಚೇರಿಯ ಒಂದೇ ಕೊಠಡಿಯಲ್ಲಿ ಧಾರವಾಡದವರೊಬ್ಬರು, ಮಂಗಳೂರಿನವರೊಬ್ಬರು, ತಮಿಳರು, ತೆಲುಗರು, ಮಲೆಯಾಳಿಗಳು, ಬಂಗಾಳದವರು, ಬಿಹಾರದವರು ಪಕ್ಕಪಕ್ಕದಲ್ಲಿ ಕುಳಿತು ಕೆಲಸ ಮಾಡುತ್ತಾರೆ. ಒಬ್ಬರ ಬುತ್ತಿಯ ಪರಿಮಳ ಇನ್ನೊಬ್ಬರಿಗೆ ಹಿಂಸೆ. ಒಬ್ಬರ ಊರಿನಲ್ಲಿ ಗಟ್ಟಿಯಾಗಿ ಮಾತನಾಡುವುದು ಆತ್ಮೀಯತೆಯ ಗುರುತು; ಇನ್ನೊಬ್ಬರಿಗೆ ಅದು ಗದರಿಕೆಯಾಗಿ ಕೇಳಿಸುತ್ತದೆ. ಒಬ್ಬರು ಮೇಲಧಿಕಾರಿಯನ್ನು ಹೆಸರು ಹಿಡಿದು ಕರೆಯುವುದನ್ನು ಸಹಜವೆಂದು ಎಣಿಸಿದರೆ, ಇನ್ನೊಬ್ಬರು ಅದನ್ನು ಮರ್ಯಾದೆಗೇಡೆಂದು ಎಣಿಸುತ್ತಾರೆ. ಇಂಥ ಸಣ್ಣ ಸಣ್ಣ ವಿಷಯಗಳಿಂದ ಮನಸ್ತಾಪ ಮೊಳೆಯುತ್ತದೆ. ದಿನ ಕಳೆದಂತೆ ಅದು ಕೆಲಸವನ್ನೂ ಕೆಡಿಸುತ್ತದೆ, ಸಂಜೆ ಮನೆಗೆ ಬಂದವರ ಮುಖವನ್ನೂ ಬಾಡಿಸುತ್ತದೆ.

ಇದಕ್ಕೆ ಲೋಕದಲ್ಲಿ ಸುಲಭವಾಗಿ ಸಿಕ್ಕುವ ಸಲಹೆ ಒಂದುಂಟು: "ಅದನ್ನೆಲ್ಲ ನಕ್ಕು ಬಿಟ್ಟುಬಿಡಿ, ನಾಲ್ಕು ನಗೆಮಾತು ಆಡಿದರೆ ಎಲ್ಲ ಸರಿಹೋಗುತ್ತದೆ" ಎಂಬುದು. ಈ ಸಲಹೆಯಲ್ಲಿ ಸತ್ಯವಿಲ್ಲದಿಲ್ಲ. ಆದರೆ ಒಂದೇ ಔಷಧ ಅನುಪಾನಭೇದದಿಂದ ಬೇರೆ ಬೇರೆ ಗುಣವನ್ನು ಕೊಡುತ್ತದೆಂದು ನಮ್ಮ ವೈದ್ಯರು ಹೇಳುತ್ತಾರಷ್ಟೆ. ನಗೆಯೂ ಅಂಥ ಔಷಧವೇ. ಯಾರು, ಯಾರನ್ನು ಕುರಿತು, ಯಾವ ಸಲಿಗೆಯಿಂದ ನಗುತ್ತಾರೆಂಬ ಅನುಪಾನವನ್ನು ನೋಡದೆ ಕೊಟ್ಟರೆ ಅದು ವಿಷವಾಗುವುದುಂಟು.

ಈ ಮಾತನ್ನು ಮನೆಯ ಉದಾಹರಣೆಯಿಂದಲೇ ತಿಳಿಯಬಹುದು. ನಮ್ಮ ಮದುವೆಗಳಲ್ಲಿ ಬೀಗರನ್ನು ಹಾಸ್ಯಮಾಡಿ ಹಾಡುವ ಸಂಪ್ರದಾಯವಿದೆಯಷ್ಟೆ. ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯ ಬೀಗಿತ್ತಿಯ ನಡೆ, ನುಡಿ, ಉಡುಗೆ, ಊಟ ಎಲ್ಲವನ್ನೂ ಹಾಡಿನಲ್ಲಿ ಎಳೆದು ನಗುತ್ತಾರೆ. ಗಂಡಿನ ಕಡೆಯವರೂ ಸುಮ್ಮನಿರದೆ ಉತ್ತರ ಕೊಡುತ್ತಾರೆ. ಬೇರೆ ದಿನ ಅದೇ ಮಾತನ್ನು ಆಡಿದರೆ ಎರಡು ಮನೆಗಳಿಗೂ ಬಳಕೆ ತಪ್ಪೀತು. ಆ ದಿನ ಮಾತ್ರ ಯಾರೂ ಕೋಪಿಸಿಕೊಳ್ಳುವಂತಿಲ್ಲ. ಭಾವ ಮೈದುನರ ನಡುವೆ, ಅತ್ತಿಗೆ ನಾದಿನಿಯರ ನಡುವೆ, ಅಜ್ಜ ಮೊಮ್ಮಕ್ಕಳ ನಡುವೆ ಸರಸಕ್ಕೆ ಅವಕಾಶವುಂಟು. ಅಳಿಯನೂ ಅತ್ತೆಯೂ ಮಾತ್ರ ಪರಸ್ಪರ ಮರ್ಯಾದೆಯಿಂದ, ಮಿತವಾದ ಮಾತಿನಿಂದ ನಡೆದುಕೊಳ್ಳುತ್ತಾರೆ. ಇದನ್ನು ಯಾರೂ ಪುಸ್ತಕದಲ್ಲಿ ಓದಿ ಕಲಿತುದಲ್ಲ, ರೂಢಿಯೇ ಕಲಿಸಿತು.

ರ‍್ಯಾಡ್‌ಕ್ಲಿಫ್ ಬ್ರೌನ್ ಎಂಬ ಆಂಗ್ಲ ಮಾನವಶಾಸ್ತ್ರಜ್ಞರು ೧೯೪೦ನೆಯ ಇಸವಿಯಲ್ಲಿ ಇಂಥ ಸರಸಸಂಬಂಧಗಳನ್ನು ಕುರಿತು ಒಂದು ಪ್ರಸಿದ್ಧ ಲೇಖನವನ್ನು ಬರೆದರು. ಆಫ್ರಿಕಾ ಮೊದಲಾದ ದೇಶಗಳ ಜನರ ನಡವಳಿಕೆಯನ್ನು ಪರಿಶೀಲಿಸಿ ಅವರು ತಿಳಿಸಿದ ಅಭಿಪ್ರಾಯದ ಸಾರಾಂಶ ಹೀಗಿದೆ. ಮದುವೆಯಿಂದ ಎರಡು ಮನೆತನಗಳು ಒಂದಾಗುತ್ತವೆ. ಆದರೂ ಅವು ಬೇರೆ ಬೇರೆಯಾಗಿಯೇ ಉಳಿಯುತ್ತವೆ. ಒಂದಾಗಬೇಕೆಂಬ ಆಸೆಯೂ ಬೇರೆಯೆಂಬ ಅಭಿಮಾನವೂ ಒಟ್ಟಿಗೆ ಇರುವ ಕಡೆ ಜಗಳಕ್ಕೆ ಸದಾ ಆಸ್ಪದವಿರುತ್ತದೆ. ಅದನ್ನು ತಡೆಯಲು ಜನರು ಎರಡು ಮಾರ್ಗಗಳನ್ನು ಕಂಡುಕೊಂಡಿದ್ದಾರೆ. ಒಂದು, ಅತಿಯಾದ ಮರ್ಯಾದೆ; ಇನ್ನೊಂದು, ಕೋಪಿಸಿಕೊಳ್ಳಬಾರದೆಂಬ ಕಟ್ಟಳೆಗೆ ಒಳಪಟ್ಟ ಹಾಸ್ಯ. ಕೆಲವು ಕಡೆ ಇಬ್ಬರೂ ಒಬ್ಬರನ್ನೊಬ್ಬರು ಹಾಸ್ಯಮಾಡಬಹುದು. ಕೆಲವು ಕಡೆ ಒಬ್ಬರಿಗೆ ಮಾತ್ರ ಆ ಸ್ವಾತಂತ್ರ್ಯ, ಮತ್ತೊಬ್ಬರು ಸಹಿಸಬೇಕು.

ಒಂದಾಗಿಯೂ ಬೇರೆಯಾಗಿಯೂ ಇರುವುದು ಬೀಗರಿಗೆ ಮಾತ್ರ ಬಂದ ಅವಸ್ಥೆಯಲ್ಲ. ಹಲವು ನಾಡಿನ ಜನ ಸೇರಿ ಒಂದು ಕೆಲಸವನ್ನು ಮಾಡುವ ಕಚೇರಿಯೂ ಇದೇ ಸ್ಥಿತಿಯಲ್ಲಿದೆ. ಭೇದವೆಂದರೆ, ಬೀಗರ ಹಾಸ್ಯಕ್ಕೆ ನೂರಾರು ವರ್ಷಗಳ ರೂಢಿ ಕಾವಲಿದೆ. ಕಚೇರಿಯ ಹಾಸ್ಯಕ್ಕೆ ಅಂಥ ಕಾವಲಿಲ್ಲ. ಯಾರು ಯಾರನ್ನು ಎಷ್ಟರಮಟ್ಟಿಗೆ ಹಾಸ್ಯಮಾಡಬಹುದೆಂಬುದನ್ನು ಅಲ್ಲಿಯ ಜನ ತಾವೇ ದಿನದಿನಕ್ಕೆ ಕಟ್ಟಿಕೊಳ್ಳಬೇಕಾಗಿದೆ.

ಹಾಗೆ ಕಟ್ಟಿಕೊಂಡುದಕ್ಕೂ, ಕಟ್ಟಿದ್ದು ಒಂದು ಮಾತಿನಿಂದ ಕುಸಿದುದಕ್ಕೂ ಒಳ್ಳೆಯ ದೃಷ್ಟಾಂತವೊಂದು ಅಮೆರಿಕದಲ್ಲಿ ಸಿಕ್ಕುತ್ತದೆ. ಡೊನಾಲ್ಡ್ ರಾಯ್ ಎಂಬ ಸಮಾಜಶಾಸ್ತ್ರಜ್ಞರು ಒಂದು ಕಾರ್ಖಾನೆಯಲ್ಲಿ ಸುಮಾರು ಎರಡು ತಿಂಗಳು ತಾವೇ ಆಳಾಗಿ ಯಂತ್ರದ ಮುಂದೆ ನಿಂತು ದುಡಿದರು. ಕಂಡದ್ದನ್ನು ೧೯೫೯-೬೦ನೆಯ ಸಾಲಿನಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ಪ್ರಬಂಧದ ಹೆಸರೇ "ಬಾಳೆಹಣ್ಣಿನ ಹೊತ್ತು" ಎಂಬ ಅರ್ಥದ್ದು. ಕೆಲಸವೋ ಅತ್ಯಂತ ಬೇಸರದ್ದು: ಹಾಳೆಯ ಮೇಲೆ ಅಚ್ಚನ್ನಿಟ್ಟು ಯಂತ್ರದಿಂದ ಒತ್ತುವುದು, ಅಚ್ಚನ್ನು ಸರಿಸುವುದು, ಮತ್ತೆ ಒತ್ತುವುದು. ದಿನಕ್ಕೆ ಹನ್ನೆರಡು ಗಂಟೆ, ವಾರಕ್ಕೆ ಆರು ದಿನ ಇದೇ ಕೆಲಸ. ರಾಯ್ ಅವರ ಜೊತೆಗಿದ್ದ ಮೂವರೂ ಯೂರೋಪಿನ ಪೂರ್ವಭಾಗದ ದೇಶಗಳಿಂದ ವಲಸೆ ಬಂದವರು. ಪ್ರಬಂಧದಲ್ಲಿ ಅವರಿಗೆ ಕೊಟ್ಟಿರುವ ಹೆಸರುಗಳು ಜಾರ್ಜ್, ಐಕ್ ಮತ್ತು ಸ್ಯಾಮಿ.

ಮೊದಲ ಕೆಲವು ದಿನ ರಾಯ್ ಅವರಿಗೆ ಈ ಮೂವರ ಮಾತುಕತೆ ಅರ್ಥವಿಲ್ಲದ ಹುಡುಗಾಟವಾಗಿ ತೋರಿತು. ಬರಬರುತ್ತ ಅದರಲ್ಲಿಯೂ ಒಂದು ಕ್ರಮವಿರುವುದು ಕಂಡುಬಂದಿತು. ಬೆಳಗ್ಗೆ ಒಂದು ಹೊತ್ತಿಗೆ ಸ್ಯಾಮಿ ಪೀಚ್ ಹಣ್ಣುಗಳನ್ನು ತೆಗೆದು ಎಲ್ಲರಿಗೂ ಹಂಚುವನು. ಅದಾದ ಸುಮಾರು ಒಂದು ಗಂಟೆಗೆ ಐಕನು ಸ್ಯಾಮಿಯ ಬುತ್ತಿಯೊಳಗಿಂದ ಬಾಳೆಹಣ್ಣನ್ನು ಕದ್ದು, "ಬಾಳೆಹಣ್ಣಿನ ಹೊತ್ತು!" ಎಂದು ಕೂಗಿ ತಿಂದುಬಿಡುವನು. ಸ್ಯಾಮಿ ಕೂಗಾಡುವನು, ಜಾರ್ಜನು ಹಿರಿಯನಾಗಿ ಐಕನನ್ನು ಮೆತ್ತಗೆ ಗದರುವನು. ಮರುದಿನ ಸ್ಯಾಮಿ ಮತ್ತೆ ಒಂದು ಬಾಳೆಹಣ್ಣನ್ನು ತರುವನು! ತನಗಾಗಿ ತಂದ ಹಣ್ಣನ್ನು ಅವನು ಒಂದು ದಿನವೂ ತಿಂದುದಿಲ್ಲ, ತರುವುದನ್ನು ಬಿಟ್ಟುದೂ ಇಲ್ಲ. ಬಳಿಕ ಐಕನು ಕಿಟಕಿ ತೆರೆದು ಸ್ಯಾಮಿಯ ಮೇಲೆ ಗಾಳಿ ಬೀಸುವಂತೆ ಮಾಡುವುದು, ಸ್ಯಾಮಿ ಗೊಣಗುವುದು. ಹೀಗೆ ದಿನದ ಒಂದೊಂದು ಹೊತ್ತಿಗೂ ಒಂದೊಂದು ಆಟ. ಈ ಆಟಗಳು ಗಡಿಯಾರದ ಮುಳ್ಳುಗಳಂತೆ ದಿನವನ್ನು ಮುಂದಕ್ಕೆ ತಳ್ಳಿದುವು. ಬೇಸರ ಕಡಮೆಯಾಯಿತು, ನಾಲ್ವರಲ್ಲಿ ಒಂದು ಬಗೆಯ ಬಳಗತನ ಬೆಳೆಯಿತು.

ಹೀಗಿರುವಲ್ಲಿ ಒಂದು ದಿನ ಎಲ್ಲವೂ ಮುರಿದುಬಿದ್ದಿತು. ಜಾರ್ಜನ ಮಗಳು ಆ ಊರಿನ ಕಾಲೇಜಿನ ಅಧ್ಯಾಪಕರೊಬ್ಬರ ಮಗನನ್ನು ಮದುವೆಯಾಗಿದ್ದಳು. ಪರದೇಶದಿಂದ ಬಂದು ಯಂತ್ರದ ಮುಂದೆ ಬೆವರಿಳಿಸಿ ದುಡಿದ ತಂದೆಗೆ ಅದು ಎಂಥ ಹೆಮ್ಮೆಯ ವಿಷಯವೆಂಬುದನ್ನು ಹೆಣ್ಣು ಹೆತ್ತ ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಬೀಗರ ವಿಷಯವನ್ನು ಜಾರ್ಜ್ ಹೇಳಿದಾಗಲೆಲ್ಲ ಉಳಿದವರು ಗೌರವದಿಂದ ಕೇಳುತ್ತಿದ್ದರು. ಆ ದಿನ ಐಕನೂ ರಾಯ್ ಅವರೂ ಸೇರಿ ಒಂದು ಹುಸಿಸುದ್ದಿಯನ್ನು ಹೂಡಿದರು: ಆ ಅಧ್ಯಾಪಕರು ನಿಜವಾಗಿ ಪಾಠ ಹೇಳುವುದು ಕ್ಷೌರ ಕಲಿಸುವ ಶಾಲೆಯಲ್ಲಿ ಎಂಬುದಾಗಿ. ಕ್ಷೌರದ ವೃತ್ತಿ ಕೀಳೆಂದು ನಾವು ಹೇಳುವುದಿಲ್ಲ, ಕೈಕೆಲಸದಲ್ಲಿ ಕೀಳೆಂಬುದಿಲ್ಲ. ಆದರೆ ಆ ಮುದುಕನ ಹೆಮ್ಮೆಯೆಲ್ಲ ಸುಳ್ಳೆಂಬ ಭಾವ ಆ ಹಾಸ್ಯದಲ್ಲಿತ್ತು. ಜಾರ್ಜ್ ನಗಲಿಲ್ಲ. ಮುಖ ಗಂಟಿಕ್ಕಿಕೊಂಡು ಮಾತು ಬಿಟ್ಟನು. ಹತ್ತು ದಿನಗಳಿಗೂ ಮೀರಿ ಆ ಕೊಠಡಿಯಲ್ಲಿ ಮೌನ ಕವಿಯಿತು. ಹಣ್ಣಿನ ಹೊತ್ತೂ ಇಲ್ಲ, ಕಿಟಕಿಯ ಹೊತ್ತೂ ಇಲ್ಲ. ಮೊದಲಿನ ಆಯಾಸ ಮತ್ತೆ ಮೈಗೆ ಹತ್ತಿತೆಂದು ರಾಯ್ ಬರೆದಿದ್ದಾರೆ. ಕೆಲಸದಲ್ಲಿ ಏನೂ ವ್ಯತ್ಯಾಸವಾಗಿರಲಿಲ್ಲ. ನಗೆಯೊಂದು ಹೋಗಿತ್ತು, ಅಷ್ಟೆ. ಕೊನೆಗೆ ಜಾರ್ಜ್ ಮತ್ತೆ ಮಾತಿಗೆ ಬಂದಮೇಲೆ ಹಳೆಯ ಆಟಗಳೂ ಹಿಂತಿರುಗಿದುವು.

ಈ ಕಥೆಯಲ್ಲಿ ಎರಡು ಹಾಸ್ಯಗಳಿವೆ. ಬಾಳೆಹಣ್ಣಿನ ಹಾಸ್ಯ ದಿನವೂ ನಡೆದು ಯಾರನ್ನೂ ನೋಯಿಸಲಿಲ್ಲ. ಅಧ್ಯಾಪಕರ ಹಾಸ್ಯ ಒಮ್ಮೆ ನಡೆದು ನಾಲ್ವರನ್ನೂ ನೋಯಿಸಿತು. ಭೇದವೇನು? ಬಾಳೆಹಣ್ಣಿನ ಆಟಕ್ಕೆ ಸ್ಯಾಮಿ ಒಪ್ಪಿದ್ದನು. ಒಪ್ಪದಿದ್ದರೆ ಮರುದಿನ ಹಣ್ಣು ತಾರದಿರುವ ಸ್ವಾತಂತ್ರ್ಯ ಅವನಿಗಿತ್ತು. ಹೋದದ್ದೂ ಒಂದು ಹಣ್ಣು ಮಾತ್ರ. ಎರಡನೆಯ ಹಾಸ್ಯಕ್ಕೆ ಜಾರ್ಜ್ ಒಪ್ಪಿರಲಿಲ್ಲ. ಅದು ಕೈಯಿಟ್ಟದ್ದು ಅವನು ಎಲ್ಲಕ್ಕಿಂತ ಹೆಚ್ಚಾಗಿ ಕಾಪಾಡಿಕೊಂಡಿದ್ದ ವಸ್ತುವಿನ ಮೇಲೆ. ಆದುದರಿಂದ ಕೆಲಸದ ಸ್ಥಳದ ಹಾಸ್ಯಕ್ಕೆ ಒಂದು ಒರೆಗಲ್ಲನ್ನು ನಾವು ಇಲ್ಲಿಯೇ ತೆಗೆದುಕೊಳ್ಳಬಹುದು: ಹಾಸ್ಯಕ್ಕೆ ಗುರಿಯಾದವರಿಗೆ ತಿರುಗಿ ಹಾಸ್ಯಮಾಡುವ ಅಥವಾ "ಸಾಕು" ಎನ್ನುವ ಸ್ವಾತಂತ್ರ್ಯವಿದೆಯೇ? ಇದ್ದರೆ ಅದು ಸರಸ. ಇಲ್ಲದಿದ್ದರೆ ಅದಕ್ಕೆ ಬೇರೆ ಹೆಸರು ಬೇಕು. ನಮ್ಮ ಭಾಷೆಯಲ್ಲಿ ಹೆಸರುಗಳಿಗೆ ಕೊರತೆಯಿಲ್ಲ. ಗೇಲಿ, ಲೇವಡಿ, ಕುಚೋದ್ಯ, ಕೊಂಕು, ಅಪಹಾಸ್ಯ ಎಂದು ಬಗೆಬಗೆಯಾಗಿ ವಿಂಗಡಿಸಿಟ್ಟ ಜನ ನಾವು.

ಈ ಒರೆಗಲ್ಲಿನಿಂದ ತಿಕ್ಕಿ ನೋಡಿದಾಗ ಮೇಲಧಿಕಾರಿಯ ಹಾಸ್ಯಕ್ಕೆ ಬಹಳ ಎಚ್ಚರಿಕೆ ಬೇಕೆಂದು ಗೊತ್ತಾಗುತ್ತದೆ. ರೋಸ್ ಕೋಸರ್ ಎಂಬ ವಿದುಷಿ ಅಮೆರಿಕದ ಒಂದು ಮಾನಸಿಕ ಚಿಕಿತ್ಸಾಲಯದ ವೈದ್ಯರ ಸಭೆಗಳಲ್ಲಿ ಕುಳಿತು, ಯಾರು ಯಾರನ್ನು ನಗಿಸುತ್ತಾರೆಂಬುದನ್ನು ಬರೆದಿಟ್ಟುಕೊಂಡು ೧೯೬೦ರಲ್ಲಿ ಪ್ರಕಟಿಸಿದರು. ಹಿರಿಯ ವೈದ್ಯರೇ ಹೆಚ್ಚು ಹಾಸ್ಯಮಾಡಿದರು. ಅವರ ಹಾಸ್ಯ ಅನೇಕವೇಳೆ ಕಿರಿಯರ ಮೇಲೆ ಬಿದ್ದಿತು. ಕಿರಿಯರು ಹಾಸ್ಯಮಾಡಿದಾಗ ತಮ್ಮನ್ನೋ ರೋಗಿಗಳನ್ನೋ ಗುರಿಮಾಡಿಕೊಂಡರೇ ಹೊರತು, ಎದುರಿಗಿದ್ದ ಹಿರಿಯರನ್ನು ಮುಟ್ಟಲಿಲ್ಲ. ಹಾಸ್ಯಮಾಡಿದವರು ಬಹುಮಟ್ಟಿಗೆ ಗಂಡಸರು. ಹೆಂಗಸರ ಪಾಲಿಗೆ ಬಂದುದು ನಗುವ ಕೆಲಸ. ನಗೆಯೂ ನೀರಿನಂತೆ ಮೇಲಿನಿಂದ ಕೆಳಕ್ಕೆ ಹರಿಯುತ್ತದೆಂಬುದು ಇದರಿಂದ ತಿಳಿದುಬರುತ್ತದೆ. ಸಾಹೇಬರು ಗುಮಾಸ್ತೆಯ ಉಚ್ಚಾರಣೆಯನ್ನು ಅಣಕಿಸಿದಾಗ ಕೊಠಡಿಯೆಲ್ಲ ನಕ್ಕರೆ, ಅದರಿಂದ ಹಾಸ್ಯ ಚೆನ್ನಾಗಿತ್ತೆಂದು ತೀರ್ಮಾನಿಸಲಾಗದು; ಸಾಹೇಬರ ಕೈಯಲ್ಲಿ ಬಡ್ತಿಯಿದೆಯೆಂದು ಮಾತ್ರ ತೀರ್ಮಾನಿಸಬಹುದು. ಗುಮಾಸ್ತೆಯೂ ನಕ್ಕನೆಂಬುದು ಅವನು ಒಪ್ಪಿದನೆಂಬುದಕ್ಕೆ ಸಾಕ್ಷಿಯಲ್ಲ. "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ" ಎಂಬ ಗಾದೆ ಹುಟ್ಟಿದ್ದು ಇಂಥದನ್ನು ನೋಡಿಯೇ.

ಹಾಗಾದರೆ ಅಧಿಕಾರವುಳ್ಳವರು ನಗಲೇಬಾರದೇ? ನಗಬಹುದು, ಮೊದಲು ತಮ್ಮನ್ನು ಕುರಿತು ನಗಬೇಕು. ನಮ್ಮ ಸಂಸ್ಕೃತ ನಾಟಕಗಳ ವಿದೂಷಕನು ತನ್ನ ಹೊಟ್ಟೆಬಾಕತನವನ್ನೂ ಹೆದರಿಕೆಯನ್ನೂ ತಾನೇ ಬಯಲುಮಾಡಿಕೊಂಡು ಸಭೆಯನ್ನು ನಗಿಸುವನು. ಅದರಿಂದ ಯಾರ ಮಾನಕ್ಕೂ ಕುಂದಿಲ್ಲ. ಗಂಟೆ ಹತ್ತಾದರೂ ಲೆಕ್ಕ ತಾಳೆಯಾಗದೆ ಎಲ್ಲರೂ ಒಬ್ಬರಮೇಲೊಬ್ಬರು ಸಿಡಿಯುತ್ತಿರುವಾಗ, ಮೇಲಧಿಕಾರಿಯು "ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮೇಜಿನ ಮೇಲೆಲ್ಲ ಹುಡುಕುವ ನಾನು ಇಲ್ಲಿ ಇರುವಾಗ ತಪ್ಪು ನಿಮ್ಮಲ್ಲೇ ಇದೆಯೆಂದು ಹೇಗೆ ಹೇಳಲಿ?" ಎಂದರೆ ಸಾಕು, ಬಿಗಿದ ಗಂಟು ಸಡಿಲವಾಗುತ್ತದೆ. ತಪ್ಪನ್ನು ಹುಡುಕುವ ಕೆಲಸ ಆಮೇಲೆ ಸುಲಭವಾಗುತ್ತದೆ.

ಆದರೆ ಇಲ್ಲಿಯೂ ಮಿತಿಯುಂಟು. ಕೆನಡಾ ದೇಶದ ರಾಡ್ ಮಾರ್ಟಿನ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಹೋದ್ಯೋಗಿಗಳೂ ೨೦೦೩ರಲ್ಲಿ ಹಾಸ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಜನರನ್ನು ಹತ್ತಿರ ತರುವುದು, ಕಷ್ಟದಲ್ಲಿ ತನಗೆ ತಾನೇ ಧೈರ್ಯ ಹೇಳಿಕೊಳ್ಳುವುದು, ಇತರರನ್ನು ಚುಚ್ಚುವುದು, ಮತ್ತು ಇತರರ ಮೆಚ್ಚಿಕೆಗಾಗಿ ತನ್ನನ್ನೇ ಹೀನಾಯ ಮಾಡಿಕೊಳ್ಳುವುದು. ಮೊದಲಿನ ಎರಡು ಹಿತಕರವೆಂದೂ ಕೊನೆಯ ಎರಡು ಅಹಿತಕರವೆಂದೂ ಅವರು ಎಣಿಸಿದರು. ಮೇಲಧಿಕಾರಿ ತನ್ನನ್ನು ಹಾಸ್ಯಮಾಡಿಕೊಂಡರೆ ಅದು ಅವನ ದೊಡ್ಡತನ. ಹೊಸದಾಗಿ ಸೇರಿದ ಹಳ್ಳಿಯ ಹುಡುಗನೊಬ್ಬ, ಇತರರು ಸೇರಿಸಿಕೊಳ್ಳಲಿ ಎಂಬ ಆಸೆಯಿಂದ ದಿನವೂ ತನ್ನ ಊರನ್ನೂ ತನ್ನ ಇಂಗ್ಲಿಷನ್ನೂ ತಾನೇ ಗೇಲಿಮಾಡಿಕೊಂಡರೆ, ಆ ನಗೆಯೊಳಗೆ ಅಳುವಿದೆ. ಹತ್ತಿರ ಕುಳಿತವರು ಅದನ್ನು ಗುರುತಿಸಿ ನಗುವುದನ್ನು ನಿಲ್ಲಿಸಬೇಕು.

ಹಲವು ಭಾಷೆಯವರು ಕಲೆತ ಕಡೆ ಎಲ್ಲರೂ ನಿರ್ಭಯವಾಗಿ ನಗಬಹುದಾದ ಒಂದು ದೊಡ್ಡ ಭಂಡಾರವಿದೆ. ಅದು ಭಾಷೆಗಳ ಭಂಡಾರ. ಒಂದೇ ಶಬ್ದ ಒಂದೊಂದು ನಾಡಿನಲ್ಲಿ ಒಂದೊಂದು ಅರ್ಥವನ್ನು ಹೊದ್ದು ಕುಳಿತಿದೆ. ತೆಲುಗಿನಲ್ಲಿ "ಅವಸರ"ವೆಂದರೆ ಅಗತ್ಯ, ನಮಗೆ ತ್ವರೆ. ತೆಲುಗು ಮಿತ್ರರು ಈ ಕಾಗದ "ಅವಸರವಿಲ್ಲ" ಎಂದರೆ ಬೇಡವೇ ಬೇಡವೆಂದು ಅವರ ಭಾವ. ನಿಧಾನವಾಗಿ ಕೊಟ್ಟರೆ ಸಾಕೆಂದು ನಮ್ಮವರ ಭಾವ. ಹಿಂದಿಯವರು ಖರ್ಚಿನ "ಅನುಮಾನ"ವನ್ನು ಕೇಳಿದರೆ ಅದು ಅಂದಾಜು ಪಟ್ಟಿ. ನಮ್ಮ ಲೆಕ್ಕಿಗರಿಗೆ ತಮ್ಮ ಪ್ರಾಮಾಣಿಕತೆಯ ಮೇಲೆಯೇ ಸಂದೇಹಪಟ್ಟಂತೆ ಕೇಳಿಸಬಹುದು. ಬಂಗಾಳದವರು "ಚೇಷ್ಟೆ" ಮಾಡುತ್ತೇನೆಂದರೆ ಮನಸ್ಸಿಟ್ಟು ಪ್ರಯತ್ನಿಸುತ್ತೇನೆಂದು ಅರ್ಥ! ಅವರ "ಉಪನ್ಯಾಸ" ಕಾದಂಬರಿ, ನಮ್ಮದು ಭಾಷಣ. ಇನ್ನು ಹಿಂದಿಯ "ಶಿಕ್ಷಾ" ವಿದ್ಯಾಭ್ಯಾಸ. ನಮ್ಮಲ್ಲಿ ಅದು ದಂಡನೆ. ಈ ಎರಡು ಅರ್ಥಗಳಿಗೆ ಎಷ್ಟು ದೂರವೆಂಬುದನ್ನು ಶಾಲೆಯ ಮಕ್ಕಳನ್ನೇ ಕೇಳಬೇಕು. ಇಂಥ ನಗೆಯಲ್ಲಿ ತಪ್ಪು ಶಬ್ದದ್ದು, ಮನುಷ್ಯನದಲ್ಲ. ಎರಡು ಕಡೆಯವರೂ ಸಮಾನರಾಗಿ ಪೇಚಿಗೆ ಬೀಳುತ್ತಾರೆ. ಕೋಪಕ್ಕೆ ಕಾರಣವಾಗಬಹುದಾಗಿದ್ದ ತಪ್ಪುತಿಳುವಳಿಕೆ ಇಬ್ಬರಿಗೂ ಪಾಠವಾಗುತ್ತದೆ. ಆದರೆ ಪಕ್ಕದವರಿಗೆ ತಿಳಿಯದ ಭಾಷೆಯಲ್ಲಿ ಇಬ್ಬರು ಪಿಸುಗುಟ್ಟಿ ನಗುವುದು ಇದಕ್ಕೆ ತೀರ ವಿರುದ್ಧವಾದುದು. ಆ ನಗೆಯ ವಿಷಯ ಏನೇ ಇರಲಿ, ಮೂರನೆಯವರಿಗೆ ಅದು ತಮ್ಮನ್ನು ಕುರಿತದ್ದೇ ಎಂದು ತೋರುವುದು ಸಹಜ. ನಕ್ಕಮೇಲೆ ವಿಷಯವನ್ನು ಅವರಿಗೂ ತಿಳಿಸುವುದು ಸೌಜನ್ಯ.

"ನಮಗೆ ಚಾತುರ್ಯವಾಗಿ ಮಾತನಾಡಲು ಬಾರದು, ನಾವೇನು ಮಾಡೋಣ?" ಎಂದು ಕೆಲವರು ಕೇಳಬಹುದು. ಅವರಿಗೆ ಸಮಾಧಾನದ ಸಂಗತಿಯೊಂದಿದೆ. ರಾಬರ್ಟ್ ಪ್ರೊವೈನ್ ಎಂಬ ಅಮೆರಿಕದ ವಿದ್ವಾಂಸರು ಜನರು ನಿತ್ಯಜೀವನದಲ್ಲಿ ನಕ್ಕ ೧,೨೦೦ ಸಂದರ್ಭಗಳನ್ನು ಗುರುತುಹಾಕಿಕೊಂಡು ಪರಿಶೀಲಿಸಿದರು. ಅವುಗಳಲ್ಲಿ ಹಾಸ್ಯೋಕ್ತಿಯೆನ್ನಬಹುದಾದ ಮಾತಿಗೆ ನಕ್ಕದ್ದು ನೂರಕ್ಕೆ ಇಪ್ಪತ್ತಕ್ಕಿಂತ ಕಡಮೆ. ಉಳಿದ ನಗೆಯೆಲ್ಲ "ಬನ್ನಿ, ಕುಳಿತುಕೊಳ್ಳಿ", "ನೋಡಿ, ಬಂದೇಬಿಟ್ಟರು" ಎಂಬಂಥ ಸಾಮಾನ್ಯವಾದ ಮಾತುಗಳೊಡನೆ ಬಂದುದು. ಜನರು ನಗುವುದು ಬಹುಪಾಲು ಜೊತೆಯಲ್ಲಿರುವ ಸಂತೋಷಕ್ಕೆ. ಆದುದರಿಂದ ಸಹೋದ್ಯೋಗಿಗಳೊಡನೆ ಒಂದು ಲೋಟ ಕಾಫಿ ಕುಡಿಯುತ್ತ ಅವರ ಊರಿನ ಹಬ್ಬವೇನು, ಅಡುಗೆಯೇನು ಎಂದು ಕೇಳುವವರು, ಒಂದು ಚಾಟೂಕ್ತಿಯನ್ನೂ ಆಡದೆಯೇ ಆ ಕೊಠಡಿಯ ನಗೆಯನ್ನು ಹೆಚ್ಚಿಸಬಲ್ಲರು. ಭರತಮುನಿ ತನ್ನ ನಾಟ್ಯಶಾಸ್ತ್ರದಲ್ಲಿ ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತವೆಂದು ನಗೆಯನ್ನು ಆರು ಬಗೆಯಾಗಿ ಹೇಳಿ, ಹಲ್ಲು ಕಾಣದ ಸ್ಮಿತವನ್ನೂ ಅದರ ಮುಂದಿನ ಹಸಿತವನ್ನೂ ಉತ್ತಮರಿಗೆ ಒಪ್ಪಿಸಿದ್ದಾನೆ. ಕಚೇರಿಗೂ ಆ ಎರಡು ಬಹಳಮಟ್ಟಿಗೆ ಸಾಕು.

ಇಷ್ಟು ಹೇಳಿದಮೇಲೆ, ಹಾಸ್ಯಕ್ಕೆ ಎಡೆಯೇ ಇಲ್ಲದ ಸ್ಥಳವನ್ನೂ ಹೇಳಬೇಕು. ಇಬ್ಬರಿಗೂ ಅಭಿಮಾನ ಅಡ್ಡಬಂದು ಕಗ್ಗಂಟಾದ ಜಗಳವನ್ನು ನಗೆ ಬಿಡಿಸಬಲ್ಲುದು. ಒಬ್ಬರಿಗೆ ಅನ್ಯಾಯವಾಗಿರುವ ಜಗಳವನ್ನು ಬಿಡಿಸಬೇಕಾದುದು ನ್ಯಾಯ. ಸಂಬಳ ತಪ್ಪಿದವನ ದೂರಿಗೆ ಚಾಟೂಕ್ತಿ ಉತ್ತರವಾಗದು. ಜಾತಿ, ಮತ, ಮೈಬಣ್ಣ, ಅಂಗವೈಕಲ್ಯ ಇವುಗಳನ್ನು ಹಿಡಿದು ಆಡುವ ಮಾತು, ಆಡಿದವರು ಎಷ್ಟೇ ನಕ್ಕರೂ, ನಗೆಮಾತೆನಿಸದು. ಹೆಂಗಸರ ವಿಷಯದಲ್ಲಿ ನಮ್ಮ ದೇಶದ ಕಾನೂನೇ ಸ್ಪಷ್ಟವಾಗಿದೆ. ಸರ್ವೋಚ್ಚ ನ್ಯಾಯಾಲಯವು ೧೯೯೭ರಲ್ಲಿ ವಿಶಾಖಾ ಮೊಕದ್ದಮೆಯಲ್ಲಿ ಮಾರ್ಗಸೂತ್ರಗಳನ್ನು ಹಾಕಿಕೊಟ್ಟಿತು; ೨೦೧೩ರಲ್ಲಿ ಕೆಲಸದ ಸ್ಥಳದಲ್ಲಿ ಮಹಿಳೆಯರಿಗೆ ಆಗುವ ಲೈಂಗಿಕ ಕಿರುಕುಳವನ್ನು ತಡೆಯುವ ಅಧಿನಿಯಮ ಬಂದಿತು. ಮೈಮುಟ್ಟುವುದು ಮಾತ್ರವಲ್ಲದೆ, ಅಶ್ಲೀಲಭಾವದ ಮಾತೂ ಅದರ ಪ್ರಕಾರ ಕಿರುಕುಳವೇ. ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸಮಾಡುವ ಕಡೆ ದೂರು ಕೇಳಲು ಒಳಸಮಿತಿಯೊಂದು ಇರಲೇಬೇಕು. ಅದಕ್ಕಿಂತ ಸಣ್ಣ ಸ್ಥಳಗಳವರಿಗೆ ಜಿಲ್ಲೆಯ ಸ್ಥಳೀಯ ಸಮಿತಿಯುಂಟು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ದೂರನ್ನು ಬರೆದುಕೊಡಬೇಕು. "ತಮಾಷೆಗೆ ಅಂದೆ" ಎಂಬ ಮಾತು ಅಲ್ಲಿ ತಪ್ಪನ್ನು ಅಳಿಸುವುದಿಲ್ಲ.

ಈ ಪ್ರಸಂಗದಲ್ಲಿ ಗೃಹಸ್ಥರ ಹೊಣೆ ದೊಡ್ಡದು. ಕೆಲಸದಿಂದ ಬಂದ ಮಗಳೋ ಸೊಸೆಯೋ ಮಗನೋ ಒಂದು ಸಂಜೆ ಊಟ ಸೇರದೆ ಕುಳಿತು, "ಅಲ್ಲಿ ಎಲ್ಲರೂ ನನ್ನನ್ನು ಹಾಸ್ಯಮಾಡುತ್ತಾರೆ" ಎಂದಾಗ, "ಅಷ್ಟಕ್ಕೇ ಏಕೆ ಅಳುತ್ತೀಯೆ, ನಕ್ಕುಬಿಡು" ಎಂದು ತಟ್ಟನೆ ಹೇಳಿಬಿಡಬಾರದು. ಮೂರು ಪ್ರಶ್ನೆಗಳನ್ನು ಸಮಾಧಾನವಾಗಿ ಕೇಳಬೇಕು. ನೀನು ತಿರುಗಿ ಅಂದರೆ ಅವರು ನಗುತ್ತಾರೆಯೇ, ಸಿಡುಕುತ್ತಾರೆಯೇ? ಬೇಡವೆಂದು ಒಮ್ಮೆ ಹೇಳಿದೆಯಾ, ಹೇಳಿದಮೇಲೆ ನಿಲ್ಲಿಸಿದರೇ? ಅವರು ನಕ್ಕದ್ದು ನೀನು ಮಾಡಿದ ಕೆಲಸಕ್ಕೋ, ನೀನು ಹುಟ್ಟಿಬಂದ ರೀತಿಗೋ? ಈ ಮೂರರ ಉತ್ತರದಿಂದ, ನಕ್ಕು ಬಿಡತಕ್ಕದ್ದೋ, ಏಕಾಂತದಲ್ಲಿ ಕರೆದು ಹೇಳತಕ್ಕದ್ದೋ, ಬರೆದು ದೂರು ಕೊಡತಕ್ಕದ್ದೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ಹಾಸ್ಯಮಾಡಿದವನು ನಮ್ಮ ಮನೆಯ ಮಗನೇ ಆಗಿರುವುದೂ ಸಾಧ್ಯ. ಆಗಲೂ ಇವೇ ಪ್ರಶ್ನೆಗಳನ್ನು ಕೇಳುವ ಧೈರ್ಯ ತಂದೆತಾಯಿಗಳಿಗೆ ಇರಬೇಕು.

ಮಕ್ಕಳು ಕಚೇರಿಯಲ್ಲಿ ಆಡುವ ಹಾಸ್ಯವನ್ನು ಕಲಿಯುವುದು ನಮ್ಮ ಊಟದ ಮನೆಯಲ್ಲಿಯೇ. ಮನೆಗೆಲಸಕ್ಕೆ ಬಂದವಳ ಮಾತಿನ ಧಾಟಿಯನ್ನು, ಪಕ್ಕದ ಮನೆಯವರ ಜಾತಿಯನ್ನು, ಬೇರೆ ಸೀಮೆಯ ಕನ್ನಡವನ್ನು ಅಣಕಿಸಿ ನಾವು ನಕ್ಕರೆ, ಎಳೆಯರು ಅದನ್ನೇ ಹಾಸ್ಯವೆಂದು ತಿಳಿದು ಬುತ್ತಿಯ ಜೊತೆಗೆ ಕಟ್ಟಿಕೊಂಡು ಹೋಗುತ್ತಾರೆ. ತಂದೆ ತನ್ನ ಮರೆವನ್ನೂ ತಾಯಿ ತನ್ನ ಸೀದ ಪಲ್ಯವನ್ನೂ ಕುರಿತು ತಾವೇ ನಕ್ಕರೆ, ಅದೂ ಬುತ್ತಿಯೊಳಗೆ ಸೇರುತ್ತದೆ. "ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು" ಎಂದ ಹಿರಿಯರಿಗೆ, ಕೆಟ್ಟ ಮನೆಯನ್ನು ಮಾತೇ ನೇರ್ಪಡಿಸಬಲ್ಲುದೆಂಬುದೂ ಗೊತ್ತಿತ್ತು. ವಾಚಕರು ಈ ರಾತ್ರಿ ಊಟಕ್ಕೆ ಕುಳಿತಾಗ ಈ ವಿಷಯವನ್ನು ಮನೆಯವರ ಮುಂದೆ ಪ್ರಸ್ತಾಪಿಸುವರೆಂದು ನಂಬಿದ್ದೇವೆ.